ಡೇಕೇರ್ ನಡೆಸುವವರಿಗೆ ಲಸಿಕೆ ಕೈಪಿಡಿ: ಕಾರ್ಡ್ ಓದುವುದು, ರಿಜಿಸ್ಟರ್ ಇಡುವುದು, ತಪ್ಪಿದ ಡೋಸ್ ಹಿಡಿಯುವುದು

ಬೆಂಗಳೂರಿನಲ್ಲಿ ಡೇಕೇರ್, ಪ್ಲೇಹೋಮ್, ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುವವರು ಮತ್ತೆ ಮತ್ತೆ ಕೇಳುವುದು ಇದೇ: ಸೇರಿಸಿಕೊಳ್ಳುವಾಗ ಮಗುವಿಗೆ ಯಾವ ಯಾವ ಲಸಿಕೆ ಆಗಿರಬೇಕು? ಕಾರ್ಡಿನಲ್ಲಿ ಒಂದು ಚೌಕ ಖಾಲಿ ಕಂಡರೆ ಏನು ಮಾಡಬೇಕು? ಒಂದು ಮಗುವಿಗೆ ದಡಾರ ಬಂದರೆ ಉಳಿದ ಮಕ್ಕಳ ಗತಿಯೇನು?

ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಅಡ್ಮಿಷನ್ ದಿನ ಕಾರ್ಡಿನ ಜೆರಾಕ್ಸ್ ತೆಗೆದು ಫೈಲಿಗೆ ಸೇರಿಸುತ್ತಾರೆ, ಆಮೇಲೆ ಆ ಫೈಲ್ ತೆರೆಯುವುದೇ ಇಲ್ಲ. ಆರು ತಿಂಗಳ ಕೂಸಿನ ಕಾರ್ಡ್ ಆ ದಿನ ಸರಿಯಾಗಿಯೇ ಇರುತ್ತದೆ. ಒಂಬತ್ತು ತಿಂಗಳಿಗೆ ದಡಾರದ ಇಂಜೆಕ್ಷನ್ ಬರುತ್ತದೆ, ಹದಿನಾರಕ್ಕೆ ಇನ್ನೊಂದು. ಅಷ್ಟರಲ್ಲಿ ಜೆರಾಕ್ಸ್ ಹಳೆಯ ಕಾಗದವಾಗಿರುತ್ತದೆ. ನಿಮ್ಮ ಚಾಪೆಯ ಮೇಲೆ ಮಲಗಿರುವ ಎಳೆಗೂಸಿಗೆ ಒಂಬತ್ತು ತಿಂಗಳು ತುಂಬುವ ತನಕ ದಡಾರದ ಲಸಿಕೆ ಸಿಗುವುದಿಲ್ಲ. ಪಕ್ಕದಲ್ಲಿ ಆಡುತ್ತಿರುವ ಎರಡು ವರ್ಷದ ಮಗು ಎರಡನೇ ಡೋಸ್ ಹಾಕಿಸಿಕೊಂಡಿದ್ದರೆ ಅದೇ ಈ ಕೂಸಿಗೆ ಕಾವಲು. ರಿಜಿಸ್ಟರ್ ಇಡಬೇಕಾದದ್ದು ಮುಖ್ಯವಾಗಿ ಈ ಕೂಸಿಗಾಗಿ.

ಬೇಕಾಗುವುದು ಹೆಚ್ಚೇನಿಲ್ಲ: ಒಂದು ಉದ್ದನೆಯ ರಿಜಿಸ್ಟರ್ ಅಥವಾ ಎಕ್ಸೆಲ್ ಶೀಟ್, ದೊಡ್ಡ ಚೌಕಗಳಿರುವ ಗೋಡೆ ಕ್ಯಾಲೆಂಡರ್, ಕೆಂಪು ಪೆನ್ನು, ನಿಮ್ಮ ವಾರ್ಡಿನ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ನಂಬರ್, ಅಲ್ಲಿನ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯ ಪರಿಚಯ. ಕೊನೆಯದು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಡೇಕೇರ್ ತೆರೆದ ಮೊದಲ ವಾರದಲ್ಲೇ ಹೋಗಿ ಮಾತಾಡಿಸಿಕೊಂಡು ಬನ್ನಿ.

ಹಂತ 1: ನಿಯಮವನ್ನು ಬರೆದಿಡಿ

ಲಸಿಕೆ ಆಗದ ಮಗುವನ್ನು ಸೇರಿಸಿಕೊಳ್ಳಬಾರದು ಎನ್ನುವ ದೇಶವ್ಯಾಪಿ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ನಿಮ್ಮ ಮಾತಿಗೆ ಬಲ ಬರುವುದು ಅಡ್ಮಿಷನ್ ಫಾರಂನಲ್ಲಿ ನೀವೇ ಬರೆದ, ಪೋಷಕರು ಸಹಿ ಹಾಕಿದ ನಿಯಮದಿಂದ. ಕಂಪನಿಗಳ ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದರೆ ಕಂಪನಿಯ ಒಪ್ಪಂದದಲ್ಲೂ ಇದು ಸೇರಲಿ.

ಮಾತು ಸರಳವಾಗಿರಲಿ. ಹೀಗೆ ಬರೆಯಬಹುದು: "ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಮಗುವಿನ ವಯಸ್ಸಿಗೆ ಬಂದಿರುವ ಲಸಿಕೆಗಳು ಆಗಿರಬೇಕು. ಬಾಕಿ ಇದ್ದರೆ ಸೇರಿದ 30 ದಿನದೊಳಗೆ ಶುರು ಮಾಡಿ ಕಾರ್ಡ್ ತೋರಿಸಬೇಕು. ವೈದ್ಯಕೀಯ ಕಾರಣದಿಂದ ಹಾಕಿಸಲಾಗದಿದ್ದರೆ ಮಕ್ಕಳ ವೈದ್ಯರ ಪತ್ರ ಕೊಡಬೇಕು. ಕೇಂದ್ರದಲ್ಲಿ ದಡಾರದಂಥ ರೋಗ ಕಂಡರೆ, ಲಸಿಕೆ ಆಗದ ಮಗುವನ್ನು ಆರೋಗ್ಯ ಕೇಂದ್ರ ಹೇಳುವ ತನಕ ಮನೆಯಲ್ಲಿ ಇಟ್ಟುಕೊಳ್ಳಬೇಕು." ಆ ದಿನಗಳ ಫೀಸ್ ಏನಾಗುತ್ತದೆ ಎಂಬುದನ್ನೂ ಅಲ್ಲೇ ಬರೆಯಿರಿ. ಜಗಳ ಹುಟ್ಟುವುದು ಲಸಿಕೆಗಿಂತ ಹೆಚ್ಚಾಗಿ ಫೀಸಿನಿಂದ.

ಒಂದು ಎಚ್ಚರಿಕೆ. ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಟೈಫಾಯ್ಡ್, ಫ್ಲೂ ಲಸಿಕೆಗಳು ಒಳ್ಳೆಯವೇ, ಮಕ್ಕಳ ವೈದ್ಯರ ಸಂಘವಾದ ಐಎಪಿ ಅವನ್ನು ಶಿಫಾರಸೂ ಮಾಡುತ್ತದೆ. ಆದರೆ ಅವು ಸರ್ಕಾರಿ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಅವನ್ನು ಕಡ್ಡಾಯ ಮಾಡಿದರೆ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು ಹೊರಗುಳಿಯುತ್ತಾರೆ. "ಹಾಕಿಸಿದರೆ ಒಳ್ಳೆಯದು" ಎಂಬ ಸಾಲಿನಲ್ಲಿ ಇಡಿ.

ಹಂತ 2: ಪಟ್ಟಿಯನ್ನು ಬಾಯಿಪಾಠ ಮಾಡಿ

ಸರ್ಕಾರಿ ಪಟ್ಟಿ ಹೀಗಿದೆ:

- ಹುಟ್ಟಿದಾಗ: ಬಿಸಿಜಿ (ಬಾಲಕ್ಷಯಕ್ಕೆ), ಪೋಲಿಯೋ ಹನಿಯ ಸೊನ್ನೆ ಡೋಸ್, ಹೆಪಟೈಟಿಸ್ ಬಿ.
- 6 ವಾರ: ಪೆಂಟಾ 1, ಪೋಲಿಯೋ ಹನಿ 1, ಪೋಲಿಯೋ ಚುಚ್ಚುಮದ್ದು 1, ರೋಟಾ 1 (ಭೇದಿಗೆ), ಪಿಸಿವಿ 1 (ನ್ಯುಮೋನಿಯಾಗೆ).
- 10 ವಾರ: ಪೆಂಟಾ 2, ಪೋಲಿಯೋ ಹನಿ 2, ರೋಟಾ 2.
- 14 ವಾರ: ಪೆಂಟಾ 3, ಪೋಲಿಯೋ ಹನಿ 3, ಪೋಲಿಯೋ ಚುಚ್ಚುಮದ್ದು 2, ರೋಟಾ 3, ಪಿಸಿವಿ 2.
- 9 ರಿಂದ 12 ತಿಂಗಳು: ಎಂ.ಆರ್. 1 (ದಡಾರ-ರುಬೆಲ್ಲಾ), ಪಿಸಿವಿ ಬೂಸ್ಟರ್, ಪೋಲಿಯೋ ಚುಚ್ಚುಮದ್ದು 3, ಜೊತೆಗೆ ವಿಟಮಿನ್ ಎ ಮೊದಲ ಡೋಸ್.
- 16 ರಿಂದ 24 ತಿಂಗಳು: ಎಂ.ಆರ್. 2, ಡಿಪಿಟಿ ಬೂಸ್ಟರ್ 1 (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ), ಪೋಲಿಯೋ ಹನಿ ಬೂಸ್ಟರ್.
- 5 ರಿಂದ 6 ವರ್ಷ: ಡಿಪಿಟಿ ಬೂಸ್ಟರ್ 2.

ಪೆಂಟಾ ಅಂದರೆ ಒಂದೇ ಸೂಜಿಯಲ್ಲಿ ಐದು ರೋಗಕ್ಕೆ ತಡೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮೆದುಳು ಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ). ಬೂಸ್ಟರ್ ಅಂದರೆ ಮೊದಲು ಬಂದ ಶಕ್ತಿ ಇಳಿಯುವ ಮುನ್ನ ಕೊಡುವ ಹೆಚ್ಚುವರಿ ಡೋಸ್. ಮೆದುಳು ಜ್ವರದ ಲಸಿಕೆಯಾದ ಜೆ.ಇ. ಎಲ್ಲ ಜಿಲ್ಲೆಯಲ್ಲೂ ಕೊಡುವುದಿಲ್ಲ. ಕೋಲಾರ, ಮಂಡ್ಯ ಕಡೆಯ ಮಗುವಿನ ಕಾರ್ಡಿನಲ್ಲಿ ಅದು ಇದ್ದು ನಗರದ ಮಗುವಿನಲ್ಲಿ ಇಲ್ಲದಿದ್ದರೆ ಅದನ್ನು ಬಾಕಿ ಎಂದು ಬರೆಯಬೇಡಿ.

ಹೆರಿಗೆ ರಜೆ 26 ವಾರ. ಹಾಗಾಗಿ ನಿಮ್ಮ ಬಳಿ ಬರುವ ಅತಿ ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಆರು ತಿಂಗಳು. ಆ ಹೊತ್ತಿಗೆ ಪೆಂಟಾ ಮೂರೂ ಆಗಿರಬೇಕು. ಪೆಂಟಾ 1 ಕೂಡ ಆಗದ ಮಗುವನ್ನು ಆರೋಗ್ಯ ಇಲಾಖೆಯವರು "ಝೀರೋ ಡೋಸ್" ಮಗು ಎನ್ನುತ್ತಾರೆ. ಅಂಥ ಮಗು ಕಂಡರೆ ಅದೇ ದಿನ ಸಿಸ್ಟರಿಗೆ ಫೋನ್ ಮಾಡಿ.

ಹಂತ 3: ಕಾರ್ಡನ್ನು ಕೈಯಲ್ಲಿ ಹಿಡಿದು ಓದಿ

ಇಲ್ಲಿ ಹತ್ತು ನಿಮಿಷ ಹೆಚ್ಚೇ ಹಿಡಿಯಲಿ. ಸರ್ಕಾರಿ ಆಸ್ಪತ್ರೆಯಲ್ಲಾದರೆ ತಾಯಿ ಕಾರ್ಡ್ ಇರುತ್ತದೆ, ಖಾಸಗಿಯಲ್ಲಾದರೆ ಸ್ಟಿಕ್ಕರ್ ಅಂಟಿಸಿದ ಪುಸ್ತಕ. ಎರಡನ್ನೂ ಮೂಲಪ್ರತಿಯಲ್ಲೇ ನೋಡಿ. ಫೋನಿನ ಫೋಟೊದಲ್ಲಿ ಪೆನ್ಸಿಲ್ ಬರಹ ಕಾಣುವುದಿಲ್ಲ.

ಕೊಟ್ಟ ತಾರೀಖು ಬೇರೆ, ಬರಬೇಕಾದ ತಾರೀಖು ಬೇರೆ. ಸಿಸ್ಟರು ಮುಂದಿನ ಸಲ ಬರುವ ದಿನವನ್ನು ಅದೇ ಚೌಕದಲ್ಲೋ ಪಕ್ಕದಲ್ಲೋ ಬರೆದುಕೊಟ್ಟಿರುತ್ತಾರೆ. ಅದನ್ನೇ ಲಸಿಕೆ ಆದ ದಿನ ಎಂದು ಓದುವುದು ನಿತ್ಯದ ತಪ್ಪು. ಟಿಕ್ ಗುರುತು ಮಾತ್ರ ಇದ್ದು ತಾರೀಖು ಇಲ್ಲದಿದ್ದರೆ ಆ ಡೋಸನ್ನು "ಖಚಿತವಿಲ್ಲ" ಎಂದು ಬರೆದುಕೊಳ್ಳಿ, ಕೊಟ್ಟವರಿಂದ ತಾರೀಖು ಹಾಕಿಸಿಕೊಂಡು ಬರಲು ಹೇಳಿ.

"ಪೆಂಟಾ" ಎಂಬ ಪದ ಮೋಸ ಮಾಡುತ್ತದೆ. ಸರ್ಕಾರಿ ಪೆಂಟಾದಲ್ಲಿ ಹೆಪಟೈಟಿಸ್ ಬಿ ಇದೆ, ಪೋಲಿಯೋ ಇಲ್ಲ. ಖಾಸಗಿ ಪುಸ್ತಕದಲ್ಲಿ ಪೆಂಟಾಕ್ಸಿಮ್ ಎಂಬ ಸ್ಟಿಕ್ಕರ್ ಕಂಡರೆ ಅದರಲ್ಲಿ ಪೋಲಿಯೋ ಇದೆ, ಹೆಪಟೈಟಿಸ್ ಬಿ ಇಲ್ಲ. ಆ ಮಗುವಿಗೆ ಹೆಪಟೈಟಿಸ್ ಬಿ ಬೇರೆಯಾಗಿ ಹಾಕಿರಬೇಕು, ಆ ಸ್ಟಿಕ್ಕರ್ ಹುಡುಕಿ. ಹೆಕ್ಸಾಕ್ಸಿಮ್‌ನಂಥ ಆರು-ರೋಗದ ಲಸಿಕೆಯಾದರೆ ಎರಡೂ ಒಳಗೇ ಇವೆ, "ಪೆಂಟಾ ಆಗಿಲ್ಲ" ಎಂದು ಪೋಷಕರನ್ನು ಹಿಂದಕ್ಕೆ ಕಳಿಸಬೇಡಿ. ಖಾಸಗಿಯಲ್ಲಿ ಎಂ.ಆರ್. ಬದಲು ಎಂಎಂಆರ್ ಇರುತ್ತದೆ, ಅದರಲ್ಲಿ ಮಂಗನಬಾವಿನ ತಡೆಯೂ ಸೇರಿದೆ, ಅದು ನಡೆಯುತ್ತದೆ. ರೋಟಾದಲ್ಲೂ ಹೀಗೇ: ರೋಟಾರಿಕ್ಸ್ ಎರಡೇ ಡೋಸ್, ರೋಟಾವ್ಯಾಕ್ ಮತ್ತು ರೋಟಾಸಿಲ್ ಮೂರು. ಎರಡು ಕಂಡ ಕೂಡಲೇ ಬಾಕಿ ಎನ್ನಬೇಡಿ, ಹೆಸರು ನೋಡಿ.

ಕೆಲವು ಖಾಲಿ ಚೌಕಗಳು ಖಾಲಿಯೇ ಉಳಿಯಬೇಕಾದವು. ಹುಟ್ಟಿದ 24 ಗಂಟೆಯೊಳಗೆ ಕೊಡುವ ಹೆಪಟೈಟಿಸ್ ಬಿ ತಪ್ಪಿದ್ದರೆ, ಹುಟ್ಟಿನ ಪೋಲಿಯೋ ಹನಿ 15 ದಿನದೊಳಗೆ ಆಗಿರದಿದ್ದರೆ, ಸರ್ಕಾರಿ ಪಟ್ಟಿಯಲ್ಲಿ ಅವನ್ನು ಆಮೇಲೆ ಕೊಡುವುದಿಲ್ಲ. ಮುಂದಿನ ಡೋಸ್‌ಗಳೇ ಸಾಕು. ಬಿಸಿಜಿ ಒಂದು ವರ್ಷ ತುಂಬುವ ತನಕ ಮಾತ್ರ. ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸ್ ಸೇರಿದ್ದೇ 2023ರ ಜನವರಿಯಲ್ಲಿ, ಅದಕ್ಕೆ ಮೊದಲೇ ವರ್ಷ ತುಂಬಿದ ಮಕ್ಕಳ ಕಾರ್ಡಿನಲ್ಲಿ ಅದನ್ನು ಹುಡುಕಬೇಡಿ. ಬಿಸಿಜಿ ಕಲೆ ತೋಳಲ್ಲಿ ಕಾಣದಿದ್ದರೂ ತಾರೀಖು ಇದ್ದರೆ ಲಸಿಕೆ ಆಗಿದೆ ಎಂದೇ ಲೆಕ್ಕ.

ಪಲ್ಸ್ ಪೋಲಿಯೋ ಭಾನುವಾರದಲ್ಲಿ ಹಾಕಿಸಿದ ಹನಿ ಹೆಚ್ಚುವರಿ. "ಪೋಲಿಯೋ ಹಾಕಿಸಿದೀವಲ್ಲಾ" ಎಂದು ಪೋಷಕರು ಬೆರಳಿನ ಶಾಯಿ ನೆನಪಿಸಿ ಹೇಳಿದರೆ, 6-10-14 ವಾರದ ಚೌಕಗಳನ್ನು ತೋರಿಸಿ ಕೇಳಿ. ಅವು ಬೇರೆ ಲೆಕ್ಕ.

ಹೊರರಾಜ್ಯದ ಕಾರ್ಡ್ ಬಂದರೆ ಗಾಬರಿ ಬೇಡ. ಲಸಿಕೆಗಳ ಸಂಕ್ಷಿಪ್ತ ಹೆಸರು ಬಹುತೇಕ ಒಂದೇ. ದಡಾರಕ್ಕೆ ತೆಲುಗಿನಲ್ಲಿ ತಟ್ಟು, ತಮಿಳಿನಲ್ಲಿ ತಟ್ಟಮ್ಮೈ, ಹಿಂದಿಯಲ್ಲಿ ಖಸ್ರಾ ಎನ್ನುತ್ತಾರೆ.

ಹಂತ 4: ರಿಜಿಸ್ಟರಿನಲ್ಲಿ ಮುಂದಿನ ತಾರೀಖು ಬರೆಯಿರಿ

ಪ್ರತಿ ಮಗುವಿಗೆ ಒಂದು ಪುಟ. ಹೆಸರು, ಹುಟ್ಟಿದ ದಿನ, ಪೋಷಕರ ನಂಬರ್, ಪ್ರತಿ ಡೋಸಿನ ಕೊಟ್ಟ ತಾರೀಖು, ಎಲ್ಲಿ ಹಾಕಿಸಿದ್ದು. ಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ, ಮುಂದಿನ ಡೋಸ್ ಯಾವುದು, ಯಾವ ದಿನ. ನೀವು ದಿನವೂ ನೋಡುವುದು ಈ ಒಂದು ಸಾಲನ್ನು.

ವಾರದ ಲೆಕ್ಕವನ್ನು ವಾರದಲ್ಲೇ ಮಾಡಿ. ಜನ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಇಂಜೆಕ್ಷನ್ ಎನ್ನುತ್ತಾರೆ, ಮಾತಿಗೆ ಅದು ಸರಿ, ತಾರೀಖಿಗೆ ಸಾಲದು. ಮಗು 2025ರ ಮಾರ್ಚ್ 12, ಬುಧವಾರ ಹುಟ್ಟಿತು ಎನ್ನಿ. 6 ವಾರ ತುಂಬುವುದು ಏಪ್ರಿಲ್ 23, 10 ವಾರ ಮೇ 21, 14 ವಾರ ಜೂನ್ 18. ಎಲ್ಲವೂ ಬುಧವಾರವೇ. ಬುಧವಾರ ಬರದಿದ್ದರೆ ಲೆಕ್ಕ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆ ದಿನ ಸಾಮಾನ್ಯವಾಗಿ ಗುರುವಾರ, ಹಾಗಾಗಿ ಹಾಕಿಸುವ ದಿನ ಏಪ್ರಿಲ್ 24, ಮೇ 22, ಜೂನ್ 19. ಒಂಬತ್ತು ತಿಂಗಳು ತುಂಬುವುದು ಡಿಸೆಂಬರ್ 12ಕ್ಕೆ, ಹದಿನಾರು ತುಂಬುವುದು 2026ರ ಜುಲೈ 12ಕ್ಕೆ. ನಿಮ್ಮ ಕೇಂದ್ರದ ಲಸಿಕೆ ದಿನ ಯಾವುದು ಎಂದು ಸಿಸ್ಟರ್ ಬಳಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರತಿ ತಿಂಗಳ ಒಂದನೇ ತಾರೀಖು ಎಲ್ಲ ಪುಟ ತಿರುವಿ. ಆ ತಿಂಗಳು ಡೋಸ್ ಇರುವ ಮಕ್ಕಳ ಪೋಷಕರಿಗೆ ಹತ್ತು ದಿನ ಮುಂಚೆ ಬಿಡಿಬಿಡಿಯಾಗಿ ಸಂದೇಶ ಕಳಿಸಿ: "ನಮಸ್ಕಾರ ಅಮ್ಮ, ಪಾಪುಗೆ 12ನೇ ತಾರೀಖಿಗೆ ಒಂಬತ್ತು ತಿಂಗಳು ತುಂಬುತ್ತೆ. ದಡಾರದ ಇಂಜೆಕ್ಷನ್ 18ರ ಗುರುವಾರ ಹಾಕಿಸಬಹುದು. ಬೆಳಗ್ಗೆಯೇ ಹೋಗಿ. ಹಾಕಿಸಿದ ಮೇಲೆ ಕಾರ್ಡ್ ತನ್ನಿ, ಬರ್ಕೊಂಡು ವಾಪಸ್ ಕೊಡ್ತೀವಿ." ಬೆಳಗ್ಗೆ ಎನ್ನುವುದಕ್ಕೆ ಕಾರಣವಿದೆ. ಎಂ.ಆರ್. ಮತ್ತು ಬಿಸಿಜಿ ಬಾಟಲಿಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮಧ್ಯಾಹ್ನ ಒಂದು ಮಗುವಿಗಾಗಿ ಹೊಸ ಬಾಟಲಿ ಒಡೆಯಲು ಸಿಸ್ಟರ್ ಹಿಂಜರಿದರೆ ತಾಯಿ ಒಂದು ದಿನದ ಸಂಬಳ ಕಳೆದುಕೊಂಡು ಬರಿಗೈಯಲ್ಲಿ ಬರುತ್ತಾಳೆ, ಮತ್ತೆ ಹೋಗುವುದಿಲ್ಲ.

ಕಾರ್ಡಿನ ಫೋಟೊವನ್ನು ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. "ಯಾರ ಮಗುವಿಗೆ ಬಾಕಿ ಇದೆ" ಎಂಬ ಪಟ್ಟಿಯನ್ನೂ ಗೋಡೆಗೆ ಅಂಟಿಸಬೇಡಿ. ಆರೋಗ್ಯದ ವಿವರ ಆ ಮನೆಯವರದ್ದು.

ಹಂತ 5: ತಪ್ಪಿದ್ದನ್ನು ಹಿಡಿಯುವುದು

ಎರಡೇ ಸೂತ್ರ. ತಡವಾಯಿತೆಂದು ಮೊದಲಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಪೆಂಟಾದಂಥ ಲಸಿಕೆಯ ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಅದೇ ಮಾರ್ಚ್ ಮಗುವಿಗೆ ಪೆಂಟಾ 1 ತಡವಾಗಿ ಮೇ 15ಕ್ಕೆ ಆಗಿದ್ದರೆ, ಪೆಂಟಾ 2 ಜೂನ್ 12ಕ್ಕೆ ಮುಂಚೆ ಬೇಡ, ಪೆಂಟಾ 3 ಜುಲೈ 10ಕ್ಕೆ.

ವಯಸ್ಸಿನ ಗಡಿಗಳು ಗೊತ್ತಿರಲಿ. ಪೆಂಟಾ ಮತ್ತು ರೋಟಾದ ಮೊದಲ ಡೋಸ್ ಒಂದು ವರ್ಷದೊಳಗೆ ಆಗಿರಬೇಕು, ಒಂದು ಡೋಸ್ ಆಗಿದ್ದರೆ ಉಳಿದದ್ದನ್ನು ಆಮೇಲೂ ಮುಗಿಸುತ್ತಾರೆ. ವರ್ಷ ದಾಟಿದ ಮಗುವಿಗೆ ಏನೂ ಆಗದಿದ್ದರೆ ಪೆಂಟಾ ಬದಲು ಡಿಪಿಟಿ, ಅದು ಏಳು ವರ್ಷದ ತನಕ. ಎಂ.ಆರ್. ಐದು ವರ್ಷದ ತನಕ ಸರ್ಕಾರಿ ಕೇಂದ್ರದಲ್ಲೇ ಸಿಗುತ್ತದೆ. ಯಾವುದನ್ನು ಯಾವಾಗ ಎಂಬ ತೀರ್ಮಾನ ಸಿಸ್ಟರ್ ಅಥವಾ ವೈದ್ಯರದ್ದು. ನಿಮ್ಮ ಕೆಲಸ ಬಾಕಿ ಇರುವುದನ್ನು ಕಂಡುಹಿಡಿದು ಕಳಿಸುವುದು.

ಕಾರ್ಡ್ ಕಳೆದಿದ್ದರೆ ನಾಲ್ಕು ಕಡೆ ಹುಡುಕಬಹುದು: ಕಾರ್ಡಿನಿಂದ ಹರಿದು ಆರೋಗ್ಯ ಕೇಂದ್ರದಲ್ಲಿ ಇಟ್ಟುಕೊಳ್ಳುವ ಪ್ರತಿ, ಕೇಂದ್ರದ ರಿಜಿಸ್ಟರ್, ಮಕ್ಕಳ ವೈದ್ಯರ ಕಂಪ್ಯೂಟರ್, ತಾಯಿಯ ಮೊಬೈಲ್ ನಂಬರ್ ಹಾಕಿದರೆ ತೆರೆಯುವ, ಲಸಿಕೆ ದಾಖಲೆ ಇಡುವ ಸರ್ಕಾರಿ ಯು-ವಿನ್ ಪೋರ್ಟಲ್. ಯು-ವಿನ್‌ನಲ್ಲಿ ಕಂಡರೆ ಆ ಪ್ರಮಾಣಪತ್ರ ಸಾಕು. ಕಾಣದಿದ್ದರೆ ಲಸಿಕೆಯೇ ಆಗಿಲ್ಲ ಎಂದಲ್ಲ, ಖಾಸಗಿಯಲ್ಲಿ ಹಾಕಿಸಿದ್ದು ಎಷ್ಟೋ ಸಲ ಅಲ್ಲಿಗೆ ಏರಿರುವುದಿಲ್ಲ. ಎಲ್ಲೂ ಸಿಗದಿದ್ದರೆ ಆಗಿಲ್ಲವೆಂದೇ ಭಾವಿಸಿ ವೈದ್ಯರ ಬಳಿ ಕಳಿಸಿ.

"ಹೋದ ಸಲ ಹಾಕಿಸಿದಾಗ ಜ್ವರ ಬಂತು, ಅತ್ತೆ ಬೇಡ ಅಂದ್ರು" ಎಂಬ ಮಾತು ನೀವು ಬಹಳ ಸಲ ಕೇಳುತ್ತೀರಿ. ವಾದಕ್ಕಿಳಿಯಬೇಡಿ. ಪೆಂಟಾ ಆದ ಮೇಲೆ ಒಂದೆರಡು ದಿನ ಜ್ವರ ಬರುವುದು ದೇಹ ಪಾಠ ಕಲಿಯುತ್ತಿರುವ ಗುರುತು ಎಂದು ಹೇಳಿ, ಅತ್ತೆಯವರನ್ನೂ ಸಿಸ್ಟರ್ ಹತ್ತಿರ ಕರೆದುಕೊಂಡು ಹೋಗಲು ಹೇಳಿ. ಸಣ್ಣ ನೆಗಡಿ, ಕೆಮ್ಮು, ಮೈ ಬೆಚ್ಚಗಿರುವುದು ಲಸಿಕೆ ಮುಂದೂಡಲು ಕಾರಣವಲ್ಲ. ಡೇಕೇರ್ ಮಕ್ಕಳಿಗೆ ನೆಗಡಿ ಇಲ್ಲದ ವಾರವೇ ಅಪರೂಪ, ಅದಕ್ಕೆ ಕಾದರೆ ವರ್ಷವೇ ಕಳೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ ಮಗುವಿನ ಮಾತು ಬೇರೆ. ವೈದ್ಯರ ಪತ್ರ ತೆಗೆದುಕೊಂಡು ಅಂಥ ಮಗುವನ್ನು ಪ್ರೀತಿಯಿಂದ ಸೇರಿಸಿಕೊಳ್ಳಿ.

ಹಂತ 6: ಲಸಿಕೆಯ ಮಾರನೇ ದಿನ

ಮಗು ಬಂದಾಗ ಯಾವ ಲಸಿಕೆ, ಯಾವ ತೊಡೆ ಅಥವಾ ತೋಳು ಎಂದು ಕೇಳಿ ಬರೆದುಕೊಳ್ಳಿ. ಚುಚ್ಚಿದ ಜಾಗವನ್ನು ಉಜ್ಜಬಾರದು, ಎಣ್ಣೆ, ಅರಿಶಿನ, ಬಿಸಿ ಶಾಖ ಬೇಡ. ರೋಟಾ ಅಥವಾ ಪೋಲಿಯೋ ಹನಿ ಕುಡಿದ ಮಗುವಿನ ಡೈಪರ್ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಎಂದಿಗಿಂತ ಗಟ್ಟಿಯಾಗಿ ಪಾಲಿಸಿ.

ಪ್ಯಾರಸಿಟಮಾಲ್ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಎಳೆಮಕ್ಕಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಮದ್ದು ಇರುತ್ತದೆ. ಸಿರಪ್‌ನಲ್ಲಿ 5 ಮಿಲಿಗೆ 125 ಅಥವಾ 250 ಮಿಲಿಗ್ರಾಂ. ಸಿರಪ್ ಎಂದುಕೊಂಡು ಡ್ರಾಪ್ಸ್ ಬಾಟಲಿಯಿಂದ 5 ಮಿಲಿ ಕುಡಿಸಿದರೆ ಹೋಗುವುದು 500 ಮಿಲಿಗ್ರಾಂ. ಬಾಟಲಿ ಮನೆಯಿಂದಲೇ ಬರಲಿ, ಮಗುವಿನ ಹೆಸರು, ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ ಎಂದು ವೈದ್ಯರ ಚೀಟಿ ಜೊತೆಗಿರಲಿ. ಬೆಳಗ್ಗೆ ಮನೆಯಲ್ಲಿ ಎಷ್ಟೊತ್ತಿಗೆ ಕೊಟ್ಟರು ಎಂದು ಕೇಳದೆ ಕೊಡಬೇಡಿ. ಎಡೆಬಿಡದೆ ಅಳು, ಫಿಟ್ಸ್, ಉಸಿರಾಟದ ತೊಂದರೆ, ಮಗು ಮಂಕಾಗಿ ಹಾಲು ಬಿಡುವುದು ಕಂಡರೆ ಪೋಷಕರಿಗೆ ಕರೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

ಎಂ.ಆರ್. ಜ್ವರ ಮಾರನೇ ದಿನ ಬರುವುದಿಲ್ಲ. ಬಂದರೆ ಏಳರಿಂದ ಹತ್ತು ದಿನಕ್ಕೆ, ಕೆಲವೊಮ್ಮೆ ತೆಳ್ಳಗೆ ದದ್ದಿನ ಜೊತೆ. ದದ್ದು ಕಂಡ ದಿನ ರಿಜಿಸ್ಟರಿನಲ್ಲಿ ಎಂ.ಆರ್. ತಾರೀಖು ನೋಡಿ, ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಹಂತ 7: ಆಯಾ, ಟೀಚರ್, ಅಡುಗೆಯವರು

ಸಿಬ್ಬಂದಿಗೂ ಒಂದು ಪುಟ ಇರಲಿ. ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಹಿಂದೆ ಬಂದಿತ್ತೋ, ಲಸಿಕೆ ಆಗಿದೆಯೋ ಎಂದು ಕೇಳಿ, ಗೊತ್ತಿಲ್ಲದಿದ್ದರೆ ವೈದ್ಯರ ಬಳಿ ಕಳಿಸಿ. ನಾಯಿಕೆಮ್ಮು ಎಳೆಗೂಸಿಗೆ ಹರಡುವುದು ಹೆಚ್ಚಾಗಿ ದೊಡ್ಡವರ ಉದ್ದ ಕೆಮ್ಮಿನಿಂದ, ಹಾಗಾಗಿ ಕೂಸುಗಳನ್ನು ನೋಡಿಕೊಳ್ಳುವವರು ಟಿಡ್ಯಾಪ್ (ದೊಡ್ಡವರಿಗೆ ಕೊಡುವ ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮಿನ ಲಸಿಕೆ) ಹಾಕಿಸಿಕೊಂಡರೆ ಒಳ್ಳೆಯದು. ಗರ್ಭಿಣಿಯರಿಗೆ ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆ ಕೊಡುವಂತಿಲ್ಲ, ಕೇಳುವುದಾದರೆ ಕೆಲಸಕ್ಕೆ ಸೇರುವಾಗಲೇ ಕೇಳಿ.

ಹಂತ 8: ರೋಗ ಬಂದೇ ಬಿಟ್ಟರೆ

"ಪಾಪುಗೆ ಅಮ್ಮ ಆಗಿದೆ, ಒಂದು ವಾರ ಬರಲ್ಲ" ಎಂದು ಫೋನ್ ಬಂದರೆ ಅಷ್ಟಕ್ಕೆ ಬಿಡಬೇಡಿ. ನಮ್ಮಲ್ಲಿ ದಡಾರವನ್ನೂ ಚಿಕನ್‌ಪಾಕ್ಸನ್ನೂ ಅಮ್ಮ ಎಂದೇ ಕರೆಯುತ್ತಾರೆ, ಬೇವಿನ ಸೊಪ್ಪು ಹಾಸಿ ಮಲಗಿಸುತ್ತಾರೆ, ವೈದ್ಯರಿಗೆ ತೋರಿಸದವರೂ ಇದ್ದಾರೆ. ನಂಬಿಕೆಗೆ ಕೈ ಹಚ್ಚದೆ ಮೆಲ್ಲಗೆ ಕೇಳಿ: ನೀರುಗುಳ್ಳೆಯೋ, ಕೆಂಪು ದದ್ದೋ? ಜ್ವರದ ಜೊತೆ ಕೆಮ್ಮು, ಮೂಗು ಸೋರುವುದು, ಕೆಂಗಣ್ಣು ಇತ್ತೋ? ನೀರುಗುಳ್ಳೆಯಾದರೆ ಬಹುಮಟ್ಟಿಗೆ ಚಿಕನ್‌ಪಾಕ್ಸ್. ಮುಖದಿಂದ ಕೆಳಗಿಳಿದ ಕೆಂಪು ದದ್ದಾದರೆ ದಡಾರವೆಂದೇ ಶಂಕಿಸಿ, ಅದೇ ದಿನ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಜ್ವರದ ಜೊತೆ ದದ್ದು ಬಂದ ಪ್ರತಿ ಮಗುವಿನ ಲೆಕ್ಕವನ್ನು ಅವರು ಇಡುತ್ತಾರೆ.

ಮಗು ಯಾವಾಗ ಮರಳಬಹುದು? ದಡಾರವಾದರೆ ದದ್ದು ಕಂಡು ನಾಲ್ಕು ದಿನ ಕಳೆದ ಮೇಲೆ. ಚಿಕನ್‌ಪಾಕ್ಸ್‌ನಲ್ಲಿ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಮಂಗನಬಾವಿನಲ್ಲಿ ಊತ ಬಂದು ಐದು ದಿನದ ಮೇಲೆ. ನಾಯಿಕೆಮ್ಮಿನಲ್ಲಿ ಸರಿಯಾದ ಆ್ಯಂಟಿಬಯಾಟಿಕ್ ಶುರುವಾಗಿ ಐದು ದಿನದ ಮೇಲೆ.

ದಡಾರದ ಸೋಂಕು ದದ್ದು ಕಾಣುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ, ಮಗು ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ತನಕ ಉಳಿಯಬಲ್ಲದು. ಹಾಜರಿ ಪುಸ್ತಕ ತೆಗೆದು ಆ ನಾಲ್ಕು ದಿನ ಯಾರ್‍ಯಾರು ಬಂದಿದ್ದರು ಎಂದು ಪಟ್ಟಿ ಮಾಡಿ. ಪಕ್ಕದಲ್ಲಿ ಲಸಿಕೆ ರಿಜಿಸ್ಟರ್ ಇಟ್ಟುಕೊಂಡು ಮೂರು ಗುಂಪು ಮಾಡಿ: ಎರಡು ಎಂ.ಆರ್. ಆದವರು, ಒಂದೇ ಆದವರು, ಒಂದೂ ಆಗದವರು. ಈ ಪಟ್ಟಿ ಒಂದು ಗಂಟೆಯಲ್ಲಿ ಸಿದ್ಧವಾಗಬೇಕು, ಏಕೆಂದರೆ ಸೋಂಕು ತಗಲಿದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಡೆಯುವ ಅವಕಾಶ ಇನ್ನೂ ಇರುತ್ತದೆ. ಸಿಬ್ಬಂದಿಯಲ್ಲಿ, ತಾಯಂದಿರಲ್ಲಿ ಗರ್ಭಿಣಿಯರಿದ್ದರೆ ಅವರಿಗೆ ಮೊದಲ ಕರೆ ಹೋಗಲಿ. ಲಸಿಕೆ ಆಗಿರದ ಮಕ್ಕಳು ವೈದ್ಯಾಧಿಕಾರಿ ಹೇಳುವ ತನಕ ಮನೆಯಲ್ಲಿರಲಿ.

ಇಂಥ ಹೊತ್ತಿನಲ್ಲಿ ಆರು ತಿಂಗಳು ದಾಟಿದ ಕೂಸುಗಳಿಗೂ ವೈದ್ಯರು ದಡಾರದ ಲಸಿಕೆ ಕೊಡಿಸಬಹುದು. ಒಂಬತ್ತು ತಿಂಗಳಿಗೆ ಮುಂಚೆ ಕೊಟ್ಟ ಆ ಡೋಸ್ ಪಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಡಿನಲ್ಲಿ ಎಂ.ಆರ್. ಎಂದು ಕಂಡು ಮುಂದೆ ಎಲ್ಲರೂ ಆಯಿತು ಎಂದುಕೊಳ್ಳುತ್ತಾರೆ. ರಿಜಿಸ್ಟರಿನಲ್ಲಿ ಅದನ್ನು "ಸೊನ್ನೆ ಡೋಸ್" ಎಂದು ಕೆಂಪು ಪೆನ್ನಿನಲ್ಲಿ ಬರೆಯಿರಿ, ಪುಟದ ಮೇಲಿನ ಸಾಲಿನಲ್ಲಿ ಒಂಬತ್ತು ತಿಂಗಳ ತಾರೀಖನ್ನು ಹಾಗೆಯೇ ಉಳಿಸಿ, ಪೋಷಕರ ಕಾರ್ಡಿನಲ್ಲೂ ಸಿಸ್ಟರ್ ಕೈಯಲ್ಲಿ ಅದೇ ಮಾತು ಬರೆಸಿಕೊಡಿ.